ಆ ಕೈ ಯಾರದು

ಮಾರ್ಚ್ 3

ಅಕ್ಟೋಬರ್ ಹದಿನಾಲ್ಕರ ಸಂಜೆ ಆರೂ ಹತ್ತರ ರೈಲು ಓಡಿಸುತ್ತಿದ್ದವರಿಗೆ,

ನಿಮ್ಮ ಮನೆಯ ವಿಳಾಸ ಕೇಳಿದರೆ ಯಾರೂ ಕೊಡಲಿಲ್ಲ. ಹಾಗಾಗಿ ಇಂಜಿನ್ ಶೆಡ್ಡಿನ ವಿಳಾಸಕ್ಕೇ ಹಾಕುತ್ತಿದ್ದೇನೆ. ಸಿಕ್ಕಿದರೆ ಸಿಕ್ಕಲಿ.

ಅವತ್ತು ಮೇಲ್ಸೇತುವೆಯ ಆಚೆ ಹಳಿಯ ಮೇಲೆ ಸತ್ತವನು ನನ್ನ ತಮ್ಮ. ಇಪ್ಪತ್ತಾರು ವರ್ಷ. ನಾನು ಬಟ್ಟೆ ಹೊಲಿಯುವವಳು. ಶಾಲೆಯ ಸಮವಸ್ತ್ರ, ಕಿಟಕಿ ಪರದೆ, ಹಳೆ ಕೋಟಿನ ರಿಪೇರಿ. ಅಪ್ಪ ಹೋದಾಗ ಅವನಿಗೆ ಏಳು. ಅವನನ್ನು ಸಾಕಿದವಳು ನಾನೇ ಎಂದು ಕಂಡಕಂಡವರ ಮುಂದೆ ಹೇಳಿಕೊಳ್ಳುವ ಅಭ್ಯಾಸ ನನಗಿತ್ತು. ಈಗ ಬಿಟ್ಟಿದ್ದೇನೆ.

ಜಗಳ ಕಾಯಲು ಬರೆಯುತ್ತಿಲ್ಲ. ವಿಚಾರಣೆಯ ವರದಿ ಓದಿದೆ. ಬ್ರೇಕ್ ಹಾಕಿದ್ದೀರಿ, ಹಾರ್ನ್ ಹೊಡೆದಿದ್ದೀರಿ, ನಿಮ್ಮದೇನೂ ತಪ್ಪಿಲ್ಲ ಎಂದಿದೆ. ಸಂತೋಷ. ಆದರೆ ನನಗೆ ಬೇಕಾದದ್ದು ಅದರಲ್ಲಿ ಒಂದೂ ಇಲ್ಲ. ದಾಟುವಾಗ ಆದ ಅಪಘಾತವೋ, ಬೇಕೆಂದೇ ಹೋದದ್ದೋ, ‘ಖಚಿತವಾಗಿ ಹೇಳಲಾಗದು’ ಎಂದು ಒಂದು ಸಾಲು ಗೀಚಿ ಕೈ ತೊಳೆದುಕೊಂಡಿದ್ದಾರೆ. ಅಲ್ಲಿ ಎಲ್ಲರೂ ದಾಟುತ್ತಾರೆ. ಸೇತುವೆ ಹತ್ತಿಳಿಯಲು ಸೋಮಾರಿತನ, ಬೇಲಿಯ ಕಂಡಿಯಲ್ಲಿ ನುಗ್ಗುತ್ತಾರೆ. ನಾನೂ ನುಗ್ಗಿದ್ದೇನೆ.

ಅವನನ್ನು ಕೊನೆಯಲ್ಲಿ ನೋಡಿದವರು ನೀವೊಬ್ಬರೇ. ಅವನು ಹೇಗಿದ್ದ? ನಡೆಯುತ್ತಿದ್ದನಾ, ನಿಂತಿದ್ದನಾ? ನಿಮ್ಮ ಕಡೆ ನೋಡಿದನಾ? ಇಷ್ಟೇ ನನ್ನ ಪ್ರಶ್ನೆ. ಅಮ್ಮ ಚೆನ್ನಾಗಿದ್ದಾಳೆ, ನಾನೂ ಚೆನ್ನಾಗಿದ್ದೇನೆ. ಗೋಳು ಹೇಳಿಕೊಳ್ಳಲು ಬರೆದ ಕಾಗದ ಇದಲ್ಲ.

— ಅವನ ಅಕ್ಕ


ಮಾರ್ಚ್ 21

ಅಕ್ಕಾವರಿಗೆ,

ನಿಮ್ಮ ಕಾಗದ ಬಂದು ಎರಡು ವಾರವಾಯಿತು. ಗುಮಾಸ್ತ ಅದನ್ನು ನೋಟೀಸ್ ಬೋರ್ಡಿಗೆ ಚುಚ್ಚಿಟ್ಟಿದ್ದ. ನನಗೇ ಬಂದದ್ದೆಂದು ನೋಡಿದ ಕೂಡಲೇ ಗೊತ್ತಾಯಿತು. ಆದರೂ ದಿನಾ ಅದರ ಪಕ್ಕದಲ್ಲೇ ಹಾದು, ಟೀ ಕುಡಿದು, ಬೇರೆ ಯಾರದೋ ಕಾಗದ ಎನ್ನುವ ಹಾಗೆ ವಾಪಸು ಬರುತ್ತಿದ್ದೆ. ಐವತ್ತೆರಡು ವರ್ಷದ ಗಂಡಸು ಮಾಡುವ ಕೆಲಸವಲ್ಲ. ಮಾಡಿದೆ.

ನಾನು ಆರಾಮಾಗಿದ್ದೇನೆ. ಡ್ಯೂಟಿ ನಡೆಯುತ್ತಿದೆ. ನಿಮ್ಮ ಪ್ರಶ್ನೆಗೆ ಉತ್ತರ ಕೊಡಬೇಕು, ಕೊಡುತ್ತೇನೆ. ಆದರೆ ಅದನ್ನು ಹೇಳುವುದು ಹೇಗೆಂದು ಇನ್ನೂ ಕಲಿಯುತ್ತಿದ್ದೇನೆ ಎಂದರೆ ನಗಬೇಡಿ. ನಮ್ಮ ಡಾಕ್ಟರು ನನ್ನನ್ನು ಒಂದು ಗುಂಪಿಗೆ ಸೇರಿಸಿದ್ದಾರೆ. ಏನೋ ಒಂದು ಆಘಾತ ಕಂಡು, ಅದರಿಂದ ಈಚೆ ಬರಲಾಗದೆ ಒದ್ದಾಡುತ್ತಿರುವವರ ಗುಂಪು. ಮಂಗಳವಾರ ಸಂಜೆ ನಾಲ್ಕಕ್ಕೆ, ಗ್ರಂಥಾಲಯದ ಮಹಡಿ ಮೇಲೆ, ಆರು ಪ್ಲಾಸ್ಟಿಕ್ ಕುರ್ಚಿ. ಒಂದರ ಕಾಲು ಗಿಡ್ಡ, ತಡವಾಗಿ ಬಂದವರಿಗೆ ಅದೇ ಗತಿ.

ನಡೆಸುವ ಮೇಡಂದು ಒಂದು ಪದ್ಧತಿ ಇದೆ. ಒಬ್ಬರು ತಮಗಾದದ್ದನ್ನು ಹೇಳಿ ಮುಗಿಸಿದ ಮೇಲೆ ಪಕ್ಕದವರು ಅದನ್ನೇ ತಿರುಗಿ ಹೇಳಬೇಕು. ‘ಅವರು’ ಎಂದಲ್ಲ, ‘ನಾನು’ ಎಂದೇ ಹೇಳಬೇಕು. ತಮ್ಮ ಭಾರವನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದರೆ ಸ್ವಲ್ಪ ಹಗುರಾಗುತ್ತದಂತೆ. ನನ್ನ ಎಡಕ್ಕೆ ಒಬ್ಬ ನರ್ಸಮ್ಮ. ಬಲಕ್ಕೆ ಒಬ್ಬ ಬಸ್ ಡ್ರೈವರ್; ಎಲ್ಲರನ್ನೂ ‘ಭಾವ, ಭಾವ’ ಎನ್ನುವುದರಿಂದ ನಾವೂ ಅವನನ್ನು ಭಾವ ಎನ್ನುತ್ತೇವೆ. ಒಂದು ವಾರ ನಾನು ನರ್ಸಮ್ಮನಾಗಿ ವಾರ್ಡಿಗೆ ಬೆಂಕಿ ಬಿದ್ದದ್ದನ್ನು ಹೇಳಿದೆ. ಇನ್ನೊಂದು ವಾರ ಭಾವನಾಗಿ ಬಸ್ ಓಡಿಸಿದೆ. ಮನೆಗೆ ಬಂದರೆ ಹೆಂಡತಿ, “ಇವತ್ತು ಯಾವ ವೇಷ ಹಾಕ್ಕೊಂಡಿದ್ರಿ?” ಎಂದು ಕೇಳುತ್ತಾಳೆ.

ಆ ಕೋಣೆಯಲ್ಲಿ ಆಡಿದ ಮಾತು ಹೊರಗೆ ಹೋಗಬಾರದು ಎನ್ನುವುದು ಅಲ್ಲಿಯ ನಿಯಮ. ನಿಮಗೆ ಇಷ್ಟು ಹೇಳಿ ಅದನ್ನು ಮುರಿದಾಯಿತು. ಸ್ವಲ್ಪ ಸಮಯ ಕೊಡಿ.

— ಡ್ರೈವರ್


ಮಾರ್ಚ್ 27

ಡ್ರೈವರಿಗೆ,

ನನ್ನನ್ನು ಅಕ್ಕ ಎನ್ನಬೇಡಿ. ಹಾಗೆ ಕರೆಯುವವನು ಒಬ್ಬನಿದ್ದ.

ನಾನು ಕೇಳಿದ್ದೊಂದು, ನೀವು ಹೇಳಿದ್ದೊಂದು. ಕುರ್ಚಿಯ ಕಾಲು ಗಿಡ್ಡವಾದರೆ ನನಗೇನಾಗಬೇಕು? ನಿಮಗೆ ಗುಂಪು ಯಾಕೆ ಬೇಕು ಎಂದು ಮೂರು ದಿನ ಯೋಚಿಸಿದೆ. ತಲೆ ಎಲ್ಲೋ ಇಟ್ಟು ಒಂದೇ ಲಂಗಕ್ಕೆ ಎರಡು ಸೊಂಟಪಟ್ಟಿ ಹೊಲಿದೆ. ಸತ್ತವನು ನಮ್ಮವನು. ನೀವು ಗಾಡಿ ಇಳಿದು ನಿಮ್ಮ ಮನೆಗೆ ಹೋದಿರಿ. ನಮ್ಮನ್ನು ಯಾರೂ ಕರೆದು ಕುರ್ಚಿ ಹಾಕಿ ಕೂರಿಸಲಿಲ್ಲ.

ಅಲ್ಲ, ನನ್ನ ತಮ್ಮನ ಸಾವನ್ನು ಆ ನರ್ಸಮ್ಮ ‘ನಾನು, ನಾನು’ ಎಂದು ಒಪ್ಪಿಸಿದಳೋ, ಬಸ್ಸಿನವನು ಒಪ್ಪಿಸಿದನೋ? ಅವರಿಗೆಲ್ಲ ಗೊತ್ತಿರುವುದು ಅವನ ಒಡಹುಟ್ಟಿದವಳಿಗೆ ಗೊತ್ತಿಲ್ಲ. ಇದು ಯಾವ ನ್ಯಾಯ ಎಂದು ನಿಮ್ಮ ಮೇಡಂನ ಕೇಳಿ.

ಕಲಿತು ಮುಗಿದಿದ್ದರೆ ಹೇಳಿ. ಕಲಿಯದಿದ್ದರೂ ಹೇಳಿ. ನಾನೇನೂ ಮಾರ್ಕು ಹಾಕುವುದಿಲ್ಲ.


ಏಪ್ರಿಲ್ 10

ಟೈಲರಮ್ಮನವರಿಗೆ,

ನೀವು ಬೈದದ್ದು ಒಳ್ಳೆಯದಾಯಿತು. ನಿನ್ನೆ ಗುಂಪಿನಲ್ಲಿ ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದೆ. ಇಷ್ಟು ದಿನ ಬರೀ ತುಂಡುತುಂಡು ಹೇಳುತ್ತಿದ್ದೆ. ಧೈರ್ಯ ಆರುವ ಮೊದಲು ನಿಮಗೂ ಬರೆಯುತ್ತಿದ್ದೇನೆ.

ತಿರುವು ಮುಗಿದು ಗಾಡಿ ನೇರವಾಗುವ ಜಾಗ ಅದು. ವೇಗ ಎಪ್ಪತ್ತೆಂಟು. ಬೆಳಕು ಇನ್ನೂ ಇತ್ತು, ಆದರೆ ಬಣ್ಣ ಹೋಗಿತ್ತು. ಬೇಲಿಯ ಕಡೆಯಿಂದ ಒಬ್ಬ ನಡೆದು ಬಂದ. ಓಡಲಿಲ್ಲ. ನಾನು ಹಾರ್ನ್ ಒತ್ತಿ ಬ್ರೇಕ್ ಎಳೆದೆ. ಎಳೆದ ಮೇಲೆ ಡ್ರೈವರಿಗೆ ಮಾಡಲು ಏನೂ ಉಳಿದಿರುವುದಿಲ್ಲ, ಇದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಸ್ಟೀರಿಂಗ್ ಇಲ್ಲ, ಪಕ್ಕಕ್ಕೆ ಹೋಗುವ ಹಾಗಿಲ್ಲ. ನಿಲ್ಲಲು ಅರ್ಧ ಕಿಲೋಮೀಟರ್ ಬೇಕು. ಉಳಿದಿದ್ದದ್ದು ಮೂರು ಸೆಕೆಂಡು.

ನಿಮ್ಮ ತಮ್ಮ ನನ್ನ ಕಡೆ ತಿರುಗಿದ. ಬಲಗೈ ಮೇಲಕ್ಕೆ ಎತ್ತಿದ. ಅಂಗೈ ನನ್ನ ಕಡೆ, ಬೆರಳು ಅಗಲಿಸಿ, ‘ನಿಲ್ಲಿಸಿ, ನಿಲ್ಲಿಸಿ’ ಎನ್ನುವ ಹಾಗೆ. ಇನ್ನೊಂದು ಕೈಯಲ್ಲಿ ಒಂದು ಬಟ್ಟೆಯ ಚೀಲ ಇತ್ತು. ಸಾಯಬೇಕೆಂದು ಬಂದವನು ನಿಲ್ಲಿಸಿ ಎನ್ನುತ್ತಾನೆಯೇ? ಇಲ್ಲ ಎಂದೇ ನನಗನಿಸುತ್ತದೆ.

ಇದನ್ನು ವಿಚಾರಣೆಯಲ್ಲಿ ಯಾಕೆ ಹೇಳಲಿಲ್ಲ ಎಂದು ನೀವು ಕೇಳೇ ಕೇಳುತ್ತೀರಿ. ಆಗ ನೆನಪಿರಲಿಲ್ಲ. ಗುಂಪಿಗೆ ಹೋಗಿ ಕೂತ ಮೇಲೆ ಸ್ವಲ್ಪಸ್ವಲ್ಪವೇ ಬಂತು. ಹಾಗೆ ಬರುವುದುಂಟು ಎಂದು ಮೇಡಂ ಹೇಳಿದರು. ನಿನ್ನೆ ರಾತ್ರಿ ನಾನು ಆರು ಗಂಟೆ ನಿದ್ದೆ ಮಾಡಿದೆ. ಹತ್ತಿರ ಹತ್ತಿರ ಆರು ತಿಂಗಳಲ್ಲಿ ಮೊದಲ ಸಲ.

— ಡ್ರೈವರ್


ಏಪ್ರಿಲ್ 16

ಡ್ರೈವರ್ ಅಣ್ಣನಿಗೆ,

ನಿಮ್ಮ ಕಾಗದವನ್ನು ಎಷ್ಟು ಸಲ ಬಿಚ್ಚಿ ಮಡಿಸಿದೆನೆಂದರೆ ಮಡಿಕೆಯಲ್ಲಿ ಹರಿದಿದೆ. ಹಿಂದೆ ಬಟ್ಟೆ ಅಂಟಿಸಿ ಇಟ್ಟುಕೊಂಡಿದ್ದೇನೆ.

ಮೊದಲ ಕಾಗದದಲ್ಲಿ ಒಂದು ಸುಳ್ಳು ಬರೆದಿದ್ದೆ. ಅಮ್ಮ ಚೆನ್ನಾಗಿರಲಿಲ್ಲ. ಅವತ್ತು ಮಧ್ಯಾಹ್ನ ತಮ್ಮನಿಗೂ ನನಗೂ ಸ್ವಲ್ಪ ಮಾತಾಗಿತ್ತು, ಅಮ್ಮ ಒಳಗಿನಿಂದ ಕೇಳಿಸಿಕೊಂಡಿದ್ದಳು. ಅವನ ಸುದ್ದಿ ಬಂದ ದಿನದಿಂದ ಅಮ್ಮ ನನ್ನ ಜೊತೆ ಮಾತು ಬಿಟ್ಟಳು. ಪಕ್ಕದ ಮನೆಯವಳ ಹತ್ತಿರ ಮಾತಾಡುತ್ತಾಳೆ, ಬೆಕ್ಕಿನ ಹತ್ತಿರ ಮಾತಾಡುತ್ತಾಳೆ, ನನ್ನ ಹತ್ತಿರ ಇಲ್ಲ. ಊಟಕ್ಕೆ ಕರೆಯಬೇಕಾದರೆ ಲೋಟದಿಂದ ಮೇಜಿಗೆ ಎರಡು ಸಲ ಕುಟ್ಟುತ್ತಿದ್ದಳು. ಆರು ತಿಂಗಳು ನಾನು ಆ ಸದ್ದಿಗೆ ಎದ್ದು ಹೋಗಿ ಉಂಡಿದ್ದೇನೆ.

ನಿಮ್ಮ ಕಾಗದವನ್ನು ಗಟ್ಟಿಯಾಗಿ ಓದಿದೆ. ಕೈ ಎತ್ತಿದ ಭಾಗಕ್ಕೆ ಬಂದಾಗ ಅಮ್ಮ, “ಇನ್ನೊಂದ್ಸಲ ಓದು” ಎಂದಳು. ಓದಿದೆ. ಆಮೇಲೆ ನನ್ನ ಮುಖ ನೋಡಿ, “ಹಾಗಾದ್ರೆ ನಿನ್ನಿಂದ ಅಲ್ಲ ಕಣೆ” ಎಂದಳು. ಅಣ್ಣಾ, ನಾನು ಹೊಲಿಗೆ ಮಿಷನ್ನಿನ ಮೇಲೆ ತಲೆ ಇಟ್ಟು ದನದ ಹಾಗೆ ಅತ್ತೆ.

ಇನ್ನೊಂದು ವಿಷಯ. ಆ ಚೀಲ! ಅವತ್ತು ನಾನೇ ಅವನನ್ನು ಒಳಪದರದ ಬಟ್ಟೆ ತರಲು ಹಳಿಯಾಚೆಯ ಅಂಗಡಿಗೆ ಕಳಿಸಿದ್ದೆ. ಜಗಳವಾಡಿಕೊಂಡು ಹೋದವನು, ಹಾಗಾದರೆ ನನ್ನ ಬಟ್ಟೆ ತೆಗೆದುಕೊಂಡೇ ಮನೆಗೆ ಬರುತ್ತಿದ್ದ. ನಾಳೆ ಪೊಲೀಸ್ ಠಾಣೆಗೆ ಹೋಗಿ ಆ ಚೀಲ ಕೇಳುತ್ತೇನೆ. ಮೊದಲು ಬೇಡ ಎಂದಿದ್ದೆ, ಈಗ ಅಕ್ಕ ಎಂದೇ ಕರೆಯಿರಿ.

— ಅಕ್ಕ


ಮೇ 5

ಅಕ್ಕಾವರಿಗೆ,

ಅಮ್ಮ ಮಾತಾಡಿದ್ದು ಓದಿ ಬಹಳ ಸಂತೋಷವಾಯಿತು. ಹೆಂಡತಿಗೂ ಹೇಳಿದೆ. ಅವಳು, “ಒಂದು ಒಳ್ಳೆ ಕೆಲಸ ಮಾಡಿದ್ರಿ ಬಿಡಿ” ಎಂದಳು.

ಚೀಲದ ವಿಷಯವನ್ನು ಮಾತ್ರ ಅಷ್ಟು ಗಟ್ಟಿಯಾಗಿ ಹಿಡಿಯಬೇಡಿ. ಸಂಜೆಯ ಬೆಳಕು, ಮೂರು ಸೆಕೆಂಡು. ಕೈಯ ವಿಷಯ ಬೇರೆ.

ಇಲ್ಲಿ ಬಿಸಿಲು ಜೋರು. ಶೆಡ್ಡಿನ ತಗಡು ಕಾದು ಒಳಗೆ ಕೂರಲಾಗುವುದಿಲ್ಲ. ಕೆಲಸ ಜಾಸ್ತಿ, ಹಾಗಾಗಿ ಬರೆಯಲು ತಡವಾಯಿತು.

— ಡ್ರೈವರ್


ಮೇ 12

ಅಣ್ಣಾ,

ಠಾಣೆಗೆ ಎರಡು ಸಲ ಹೋದೆ. ಮೊದಲ ಸಲ ಅಧಿಕಾರಿ ಇರಲಿಲ್ಲ. ಎರಡನೇ ಸಲ ಪಟ್ಟಿ ತೆಗೆದು ತೋರಿಸಿದರು. ಕೈಗಡಿಯಾರ, ಬೀಗದ ಕೈ, ಬಾಚಣಿಗೆ, ಫೋನು. ಚೀಲ ಇಲ್ಲ. “ಚೀಲ ಸಿಕ್ಕಿದ್ರೆ ಬರೀತಿದ್ವಲ್ಲಮ್ಮ” ಎಂದರು. ಯಾರೋ ಹೊಡೆದುಕೊಂಡಿರಬೇಕು ಎಂದು ನಾನು ಅಲ್ಲೇ ರೇಗಿದೆ. ಬಟ್ಟೆ ಅಂಗಡಿಯವನ ಹತ್ತಿರ ಹೋದೆ. ದಿನಕ್ಕೆ ನೂರು ಜನ ಬರುತ್ತಾರೆ, ಏಳು ತಿಂಗಳ ಹಿಂದಿನದು ಹೇಗೆ ಹೇಳಲಿ ಎಂದ. ಅದೂ ಸರಿಯೇ.

ಚೀಲದ ಬಣ್ಣ ಯಾವುದು? ಉದ್ದ ಹಿಡಿಯದ್ದಾ, ಗಿಡ್ಡ ಹಿಡಿಯದ್ದಾ? ನಮ್ಮ ಮನೆಯ ಚೀಲಗಳೆಲ್ಲ ನಾನೇ ಹೊಲಿದವು, ಹೇಳಿದರೆ ಗುರುತು ಹಿಡಿಯುತ್ತೇನೆ. ಹಿಡಿಯಬೇಡಿ ಎಂದು ನೀವು ಹೇಳಿದ್ದೀರಿ, ಆದರೆ ಕೈ ಕಂಡವರಿಗೆ ಚೀಲ ಕಾಣದೆ ಇರುತ್ತದೆಯೇ?

ಅಮ್ಮ ಕೇಳಿದಳು: “ಆ ಡ್ರೈವರಿಗೆ ಮಕ್ಕಳಿದ್ದಾರಾ?” ಬರೆಯಿರಿ.

— ಅಕ್ಕ


ಜೂನ್ 11

ಅಕ್ಕಾವರಿಗೆ,

ಒಂದು ತಿಂಗಳು ನಾನು ಬರೆಯಲಿಲ್ಲ. ಕೆಲಸ ಇತ್ತು ಎಂದು ಇನ್ನೊಂದು ಸುಳ್ಳು ಹೇಳುವುದಿಲ್ಲ.

ನಿಮ್ಮ ಕಾಗದ ಬಂದ ಮೇಲೆ ಚೀಲದ ಬಣ್ಣ ಜ್ಞಾಪಿಸಿಕೊಳ್ಳಲು ಕೂತೆ. ಕಣ್ಣು ಮುಚ್ಚಿದರೆ ಚೀಲ ಸ್ಪಷ್ಟವಾಗಿ ಕಾಣುತ್ತದೆ. ಕಂದು ಬಣ್ಣ, ಮೇಲೆ ಹೂವಿನ ಕಸೂತಿ. ಪಟ್ಟಿಯಲ್ಲಿ ಇಲ್ಲದ ಚೀಲ ನನಗೆ ಇಷ್ಟು ಚೆನ್ನಾಗಿ ಹೇಗೆ ಕಾಣುತ್ತಿದೆ ಎಂದು ತಲೆ ಗೊಂದಲದ ಗೂಡಾಯಿತು.

ಹೋದ ಮಂಗಳವಾರ ಗುಂಪಿಗೆ ಒಬ್ಬರು ಹೊಸಬರು ಬಂದರು. ಅವರಿಗೋಸ್ಕರ ಎಲ್ಲರೂ ತಮ್ಮತಮ್ಮದನ್ನು ಮತ್ತೆ ಹೇಳಬೇಕಾಯಿತು. ಭಾವ ಬಹಳ ದಿನದ ಮೇಲೆ ತನ್ನದನ್ನು ಪೂರ್ತಿ ಹೇಳಿದ. ಇಳಿಜಾರಿನಲ್ಲಿ ಬಸ್ಸಿನ ಬ್ರೇಕ್ ಹಿಡಿಯಲಿಲ್ಲ, ರಸ್ತೆ ಮಧ್ಯ ಒಬ್ಬ ಹೆಂಗಸು. “ಬಲಗೈ ಎತ್ತಿದ್ಳು ಭಾವ. ಅಂಗೈ ನನ್ ಕಡೆ, ಬೆರಳೆಲ್ಲ ಅಗಲ. ದಿನಾ ನಿಲ್ಲಿಸ್ತಾಳಲ್ಲ ಸ್ಟಾಪಲ್ಲಿ, ಹಾಗೇ. ಎಡಗೈಲಿ ಕಸೂತಿ ಹಾಕಿದ್ ಚೀಲ.”

ಪಕ್ಕದವನು ನಾನು. ‘ನಾನು’ ಎಂದು ತಿರುಗಿ ಹೇಳಬೇಕು. ಇದನ್ನು ಫೆಬ್ರವರಿಯಲ್ಲಿ ಒಮ್ಮೆ ನಾನು ಹೇಳಿದ್ದೆ ಎಂದು ಆಗ ನೆನಪಾಯಿತು. ಅವನ ಬದಲು, ಅವನಾಗಿ. ಆ ಕೈ ಅವತ್ತು ನನ್ನ ಬಾಯಿಗೆ ಬಂದು, ಆಮೇಲೆ ನನ್ನ ತಲೆಯಲ್ಲೇ ಉಳಿದುಕೊಂಡಿತು. ಕೈ ಎತ್ತಿದರೆ ಬಸ್ಸು ನಿಲ್ಲುತ್ತದೆ. ರೈಲಿಗೆ ಯಾರಾದರೂ ಕೈ ಎತ್ತುತ್ತಾರೆಯೇ?

ಏಪ್ರಿಲ್‌ನಲ್ಲಿ ನಾನು ನನ್ನ ಕತೆ ಹೇಳಿದ ದಿನ ಭಾವ ಬಂದಿರಲಿಲ್ಲ. ನರ್ಸಮ್ಮ ಇದ್ದಳು. ಅವಳು ಎರಡನ್ನೂ ಕೇಳಿದ್ದಳು. ಯಾಕಮ್ಮ ಹೇಳಲಿಲ್ಲ ಎಂದರೆ, “ಕೊನೇಲಿ ಎಲ್ರೂ ಕೈ ಎತ್ತಾರೇನೋ ಅಂದ್ಕೊಂಡೆ” ಎಂದಳು.

ನಾನು ಬೇಕೆಂದು ಸುಳ್ಳು ಹೇಳಲಿಲ್ಲ. ಇದನ್ನು ನಂಬಿ ಎಂದು ಕೇಳುವ ಮುಖ ನನಗಿಲ್ಲ. ಈ ಕ್ಷಣಕ್ಕೂ ಕಣ್ಣು ಮುಚ್ಚಿದರೆ ನಿಮ್ಮ ತಮ್ಮನೇ ಕೈ ಎತ್ತುತ್ತಾನೆ.

— ಡ್ರೈವರ್


ಜೂನ್ 14

ಡ್ರೈವರಿಗೆ,

ಯಾರು ಮೊದಲು ಹೇಳಿದ್ದು? ನೀವು ಮೊದಲೋ, ಆ ಬಸ್ಸಿನವನು ಮೊದಲೋ? ಅವನಿಂದ ನಿಮಗೆ ಅಂಟುವುದಾದರೆ ನಿಮ್ಮಿಂದ ಅವನಿಗೂ ಅಂಟಬಹುದಲ್ಲ! ನೀವೇ ಏನೋ ತುಂಡು ಹೇಳಿದ್ದಿರಬೇಕು, ಅವನು ಅದನ್ನು ಎತ್ತಿಕೊಂಡಿರಬೇಕು. ಸರಿಯಾಗಿ ಜ್ಞಾಪಿಸಿಕೊಳ್ಳಿ. ಆ ಮೇಡಂ ಏನಾದರೂ ಬರೆದಿಟ್ಟಿರುತ್ತಾರೆ, ಕೇಳಿ.

ನಾನು ಯಾಕೆ ಹೀಗೆ ಪ್ರಾಣ ತಿನ್ನುತ್ತಿದ್ದೇನೆ ಎಂದರೆ, ಅವತ್ತು ಮಧ್ಯಾಹ್ನ ಆದದ್ದು ಸ್ವಲ್ಪ ಮಾತಲ್ಲ. ಆ ವರ್ಷದಲ್ಲಿ ಅವನು ಮೂರನೇ ಕೆಲಸ ಬಿಟ್ಟು ಬಂದಿದ್ದ. ನಾನು ಬಟ್ಟೆ ಕತ್ತರಿಸುತ್ತಿದ್ದೆ. ತಲೆ ಕೂಡ ಎತ್ತದೆ ಹೇಳಿದೆ, “ನೀನು ಇದ್ರೂ ಒಂದೇ, ಇಲ್ದಿದ್ರೂ ಒಂದೇ ಈ ಮನೆಗೆ. ಆ ಒಳಪದರದ ಬಟ್ಟೆನಾದ್ರೂ ತಂದು ಹಾಕು.” ಅವನು ಚಪ್ಪಲಿ ಮೆಟ್ಟಿಕೊಂಡು ಹೋದ.

ಈಗ ಗೊತ್ತಾಯಿತಲ್ಲ. ಯಾರು ಮೊದಲು ಹೇಳಿದ್ದು, ಬೇಗ ಬರೆಯಿರಿ. ಅಮ್ಮನಿಗೆ ನಿಮ್ಮ ಈ ಕಾಗದ ತೋರಿಸಿಲ್ಲ.


ಜುಲೈ 2

ಅಕ್ಕಾವರಿಗೆ,

ಮೇಡಂ ಏನೂ ಬರೆದಿಡುವುದಿಲ್ಲ. ಬರೆದರೆ ಜನ ಬಾಯಿ ಬಿಡುವುದಿಲ್ಲ ಎಂದು.

ಹಾಗಾಗಿ ಭಾವನನ್ನೇ ಕೇಳಿದೆ. ಕೇಳಬೇಕಾದರೆ ನಿಮ್ಮ ವಿಷಯ, ಕಾಗದದ ವಿಷಯ ಎಲ್ಲ ಹೇಳಬೇಕಾಯಿತು. ಬಸ್ ನಿಲ್ದಾಣದ ಕಟ್ಟೆ ಮೇಲೆ ಕೂತಿದ್ದೆವು. ಅವನ ಮುಖ ಕಪ್ಪಿಟ್ಟಿತು. “ಆ ಹೆಂಗಸಿನ ಕೈ ತಗೊಂಡೋಗಿ ಯಾರಿಗೋ ಬರ್ದು ಕಳ್ಸಿದ್ಯಾ?” ಎಂದು ಏಕವಚನಕ್ಕೆ ಇಳಿದ. ಮರುದಿನ ಒಂದು ಕಾಗದ ತಂದು ಮುಖಕ್ಕೆ ಹಿಡಿದ. ಅಪಘಾತವಾದ ದಿನವೇ ಪೊಲೀಸರಿಗೆ ಅವನು ಕೊಟ್ಟ ಹೇಳಿಕೆಯ ನಕಲು, ಎರಡು ವರ್ಷ ಹಿಂದಿನದು. ಬಲಗೈ, ಅಂಗೈ, ಕಸೂತಿ ಚೀಲ, ಎಲ್ಲ ಅದರಲ್ಲಿ ಇದೆ. ನನ್ನ ಮುಖ ಅವನು ಆಗ ನೋಡಿಯೇ ಇರಲಿಲ್ಲ.

ಕೈ ಅವನ ಕತೆಯದ್ದೇ. ನಿಮ್ಮ ತಮ್ಮನದಲ್ಲ. ಇದಕ್ಕಿಂತ ಮೆತ್ತಗೆ ಹೇಳುವ ದಾರಿ ನನಗೆ ಗೊತ್ತಾಗಲಿಲ್ಲ.

ಭಾವ ಗುಂಪಿಗೆ ಬರುವುದು ಬಿಟ್ಟಿದ್ದಾನೆ. ಮೇಡಂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈಗ ನನ್ನ ಬಲಕ್ಕೆ ಬರೀ ಕುರ್ಚಿ.

— ಡ್ರೈವರ್


ಜುಲೈ 24

ಅಕ್ಕಾವರಿಗೆ,

ನಿಮ್ಮಿಂದ ಉತ್ತರವಿಲ್ಲ. ಬರಬೇಕೆಂದೂ ಇಲ್ಲ. ಆದರೆ ನೀವು ಮಾರ್ಚ್‌ನಲ್ಲಿ ಕೇಳಿದ ಪ್ರಶ್ನೆಗೆ ನಾನು ಇವತ್ತಿನ ತನಕ ಉತ್ತರ ಕೊಟ್ಟಿಲ್ಲ ಎಂದು ಅನಿಸಿ ಬರೆಯುತ್ತಿದ್ದೇನೆ.

ಭಾವನ ಕೈ ತೆಗೆದಿಟ್ಟ ಮೇಲೆ ನನ್ನ ಹತ್ತಿರ ಏನು ಉಳಿಯಿತು ಎಂದು ನೋಡಿದೆ. ತಿರುವು ಉಳಿಯಿತು. ಬೇಲಿ ಉಳಿಯಿತು. ಒಬ್ಬ ನಡೆದು ಬಂದದ್ದು ಉಳಿಯಿತು. ಬಿಳಿಯೋ ಬೂದಿಯೋ ಅಂಗಿ. ಹಾರ್ನ್, ಬ್ರೇಕ್. ಅಲ್ಲಿಂದ ಮುಂದೆ ಏನೂ ಇಲ್ಲ. ಯಾಕೆ ಇಲ್ಲ ಎಂದರೆ ನಾನು ಕಣ್ಣು ಮುಚ್ಚಿಕೊಂಡೆ.

ಇದನ್ನು ವಿಚಾರಣೆಯಲ್ಲಿ ಹೇಳಲಿಲ್ಲ. ಹೆಂಡತಿಗೆ ಹೇಳಲಿಲ್ಲ. ಗುಂಪಿನಲ್ಲಿ ಏಳು ತಿಂಗಳು ಕೂತು ಹೇಳಲಿಲ್ಲ. ಇಪ್ಪತ್ತೇಳು ವರ್ಷ ಗಾಡಿ ಓಡಿಸಿದವನು ಎದುರಿಗೆ ಮನುಷ್ಯ ಕಂಡಾಗ ಕಣ್ಣು ಮುಚ್ಚಿದ ಎಂದರೆ ಏನರ್ಥ? ಆ ಖಾಲಿ ಜಾಗದಲ್ಲಿ ಏನನ್ನಾದರೂ ಇಡಬೇಕಿತ್ತು, ಭಾವನ ಕೈ ಬಂದು ಕೂತಿತು ಎಂದು ಈಗ ಅನಿಸುತ್ತದೆ. ಹೌದೋ ಅಲ್ಲವೋ ಅದೂ ಗೊತ್ತಿಲ್ಲ. ನನ್ನ ತಲೆಯ ಮೇಲೆ ನನಗೇ ನಂಬಿಕೆ ಹೋಗಿದೆ.

‘ಅವನನ್ನು ಕೊನೆಯಲ್ಲಿ ನೋಡಿದವರು ನೀವೊಬ್ಬರೇ’ ಎಂದು ನೀವು ಬರೆದಿದ್ದಿರಿ. ನಾನೂ ನೋಡಲಿಲ್ಲ. ಯಾರೂ ನೋಡಲಿಲ್ಲ. ಅವನು ತಿರುಗಿದನೋ, ದಾಟುತ್ತಿದ್ದನೋ, ನಿಂತನೋ, ನನಗೆ ಗೊತ್ತಿಲ್ಲ, ಅಕ್ಕ. ಕ್ಷಮಿಸಿ ಎನ್ನುವುದು ಸಣ್ಣ ಮಾತು, ಆದರೂ ಅದನ್ನೇ ಹೇಳುತ್ತೇನೆ.

ಇನ್ನೊಂದು ಸುಳ್ಳೂ ತೀರಿಸಿಬಿಡುತ್ತೇನೆ. ಡ್ಯೂಟಿ ನಡೆಯುತ್ತಿದೆ ಎಂದಿದ್ದೆನಲ್ಲ, ಅಕ್ಟೋಬರ್‌ನಿಂದ ನಾನು ಇಂಜಿನ್ ಹತ್ತಿಲ್ಲ. ಶೆಡ್ಡಿನಲ್ಲಿ ಕೂತು ಬೇರೆ ಡ್ರೈವರುಗಳ ಪಾಳಿ ಬರೆಯುತ್ತೇನೆ. ಮಕ್ಕಳು ಇಬ್ಬರು ಎಂದು ನಿಮ್ಮ ಅಮ್ಮನಿಗೆ ಹೇಳಿ.

— ಡ್ರೈವರ್


ಸೆಪ್ಟೆಂಬರ್ 6

ಅಣ್ಣಾ,

ನಿಮ್ಮ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಮೊದಲನೆಯದನ್ನು ಓದಿ ಹರಿದು ಹಾಕಿದೆ. ಎರಡನೆಯದನ್ನು ಹರಿಯಲು ಹೋಗಿ ಬಿಟ್ಟೆ. ಕಣ್ಣು ಮುಚ್ಚಿದೆ ಎಂದು ಓದಿದಾಗ ನಿಮ್ಮ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ಅವನಿಗೆ ಅಷ್ಟೂ ದಕ್ಕಲಿಲ್ಲವಲ್ಲ, ಒಬ್ಬರು ಕಣ್ಣು ಬಿಟ್ಟು ನೋಡುವಷ್ಟೂ ಎಂದು. ಒಂದು ವಾರ ಬಿಟ್ಟು ನೋಡಿದರೆ ಕೋಪ ನನ್ನ ಮೇಲೇ ಬಂದು ನಿಂತಿತ್ತು. ಆ ಮಾತು ಹೇಳುವಾಗ ನಾನು ತಲೆ ಎತ್ತಲಿಲ್ಲವಲ್ಲ. ಅವನ ಮುಖ ಹೇಗಿತ್ತು ಎಂದು ನನ್ನನ್ನು ಕೇಳಿದರೆ ನಾನೇನು ಹೇಳಲಿ?

ಅಮ್ಮನಿಗೆ ಹೇಳಬಾರದು ಎಂದು ಆಣೆ ಮಾಡಿಕೊಂಡಿದ್ದೆ. ಆ ಕೈಯಿಂದಲೇ ತಾನೇ ಅವಳು ನನ್ನ ಜೊತೆ ಮಾತಾಡಿದ್ದು? ಕೈ ಸುಳ್ಳು ಎಂದರೆ ಮತ್ತೆ ಆ ಲೋಟದ ಸದ್ದೇ ಗತಿ. ಎರಡು ತಿಂಗಳು ಬಾಯಿ ಬಿಗಿಹಿಡಿದೆ. ಅಮ್ಮ ನನ್ನ ಹತ್ತಿರ ಮಾತಾಡಿದಾಗಲೆಲ್ಲ ಕದ್ದ ಬಟ್ಟೆ ಉಟ್ಟ ಹಾಗೆ ಆಗುತ್ತಿತ್ತು. ಹೋದ ಭಾನುವಾರ ಅಮ್ಮ ಬಟಾಣಿ ಸುಲಿಯುತ್ತಾ ಕೂತಿದ್ದಳು. ನಾನು ಎದುರಿಗೆ ಕೂತು ಎಲ್ಲ ಹೇಳಿಬಿಟ್ಟೆ. ಬಸ್ಸು, ಆ ಹೆಂಗಸು, ಪೊಲೀಸ್ ಕಾಗದ, ನಿಮ್ಮ ಕಣ್ಣು.

ಅಮ್ಮ ಸುಲಿಯುವುದನ್ನು ನಿಲ್ಲಿಸಲಿಲ್ಲ. ಬಟ್ಟಲು ತುಂಬಿದ ಮೇಲೆ ಹೇಳಿದಳು.

“ನಿನ್ ಜೊತೆ ಮಾತು ಬಿಟ್ಟಿದ್ದು ಸಿಟ್ಟಿಗೆ. ಎರಡು ತಿಂಗಳಲ್ಲಿ ಸಿಟ್ಟು ಹೋಯ್ತು. ಆಮೇಲೆ ಹೇಗೆ ಶುರು ಮಾಡೋದು ಅಂತ ಗೊತ್ತಾಗ್ಲಿಲ್ಲ ಕಣೆ. ಬೆಳಿಗ್ಗೆ ಎದ್ದು ಇವತ್ತು ಮಾತಾಡೋಣ ಅನ್ಕೊಳ್ಳೋದು, ನೀನು ಮುಖ ತಿರುಗಿಸ್ಕೊಂಡು ಮಿಷನ್ ಮುಂದೆ ಕೂರೋದು. ಒಂದು ನೆಪ ಬೇಕಿತ್ತು ನಂಗೆ. ನೀನು ಕೈ ವಿಷ್ಯ ಓದ್ದೆ, ಹಿಡ್ಕೊಂಡೆ. ನಂಬಿದ್ನೋ ಇಲ್ವೋ ನಂಗೇ ಗೊತ್ತಿಲ್ಲ.”

“ಹಾಗಾದ್ರೆ ಅವನು ನನ್ ಮಾತಿಗೇ ಹೋದ್ನಾ ಅಮ್ಮ?”

“ನಂಗೇನ್ ಗೊತ್ತೇ. ಹೋಗಿದ್ರೂ ಹೋಗಿರ್ಬಹುದು. ಬಟ್ಟೆ ತರೋಕೆ ಹೋಗಿದ್ರೂ ಹೋಗಿರ್ಬಹುದು. ಉಳಿದಿರೋಳು ನೀನೊಬ್ಳು. ನಿನ್ ಹತ್ರ ಮಾತಾಡ್ದೆ ಇನ್ಯಾರ ಹತ್ರ ಮಾತಾಡ್ಲಿ?”

ಇಲ್ಲ ಕಣೆ, ನಿನ್ನಿಂದ ಅಲ್ಲ ಎನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ. ಅವತ್ತು ಕೈಯ ಧೈರ್ಯದ ಮೇಲೆ ಹೇಳಿದ್ದಳು, ಈಗ ಹೇಳಲಿಲ್ಲ. ಆದರೆ ಸಂಜೆ, “ದೀಪ ಹಾಕು, ಕಣ್ಣು ಹಾಳು ಮಾಡ್ಕೋಬೇಡ” ಎಂದು ಬೈದಳು. ನನಗೆ ಇದು ಏನೆಂದು ಅರ್ಥವಾಗುತ್ತಿಲ್ಲ ಅಣ್ಣಾ. ಕ್ಷಮೆ ಎಂದು ಕರೆಯಲು ಬರುವುದಿಲ್ಲ. ಅಲ್ಲ ಎನ್ನಲೂ ಬರುವುದಿಲ್ಲ. ನೀವು ಆ ಗುಂಪಿನಲ್ಲಿ ಇದಕ್ಕೇನಾದರೂ ಹೆಸರಿದೆಯಾ ಕೇಳಿ ನೋಡಿ. ಬಸ್ಸಿನವರಿಗೆ ನನ್ನಿಂದ ಆದ ತೊಂದರೆಗೆ ನಾನೇ ಎರಡು ಸಾಲು ಬರೆಯುತ್ತೇನೆ, ವಿಳಾಸ ಕಳಿಸಿ.

ಇನ್ನೂ ಬರೆಯಬೇಕಿತ್ತು. ಒಳಗಿನಿಂದ ಅಮ್ಮ ಊಟಕ್ಕೆ ಕರೆಯುತ್ತಿದ್ದಾಳೆ. ಹೋಗದಿದ್ದರೆ ಇನ್ನೊಮ್ಮೆ ಕರೆಯುತ್ತಾಳೆ. ಅದಕ್ಕೇ ಸ್ವಲ್ಪ ಹೊತ್ತು ಏಳದೆ ಇಲ್ಲೇ ಕೂತಿದ್ದೇನೆ.

— ಅಕ್ಕ